ಮರುನೇಮಕದ ಕಜ್ಜಾಯ

ಅಟ್ಟದಿಂದ ಕಜ್ಜಾಯದ ದೊಡ್ಡ ಡಬರಿಯನ್ನು ಇಳಿಸಿದಾಗ, ಅದು ನಿನ್ನೆ ತಾನು ಎತ್ತಿಟ್ಟದ್ದಕ್ಕಿಂತ ಹಗುರವಾಗಿದೆಯೆಂದು ಶಿವರತ್ನಮ್ಮನ ಕೈಗೆ ತಿಳಿಯಿತು, ತಲೆಗೆ ತಿಳಿಯಲಿಲ್ಲ. ತಲೆಯಲ್ಲಿ ಒಂದು ಸುಳ್ಳು ಕಾಲು ಚಾಚಿ ಕೂತಿತ್ತು, ಬೇರೆ ಯಾವುದಕ್ಕೂ ಜಾಗ ಬಿಟ್ಟಿರಲಿಲ್ಲ. ಮಧುವನಹಳ್ಳಿಯ ಅಕ್ಕನ ಮನೆಗೆ ಹೋಗಿಬರುತ್ತೇನೆ ಎಂದು ಗಂಡನಿಗೆ ಹೇಳಿದ್ದಳು. ಹೇಳಿದ್ದು ಊಟ ಬಡಿಸುವಾಗ, ಸಾರಿನ ಸೌಟು ನೋಡುತ್ತಾ. ಹಬ್ಬವಿಲ್ಲದೆ ಕಜ್ಜಾಯ ಮಾಡಿದ್ದಕ್ಕೂ ಅಕ್ಕನೇ ಕಾರಣವಾದಳು, ಅವಳ ಬಾಯಿ ಕೆಟ್ಟಿದೆ, ಸಿಹಿ ಬೇಕಂತೆ. ಆಶ್ಚರ್ಯವೆಂದರೆ ಶಾಂತಮೂರ್ತಿಯವರು ಒಂದೂ ಪ್ರಶ್ನೆ ಕೇಳಲಿಲ್ಲ. ಯಾವ ಬಸ್ಸು, ಎಷ್ಟು ಹೊತ್ತಿಗೆ ವಾಪಸ್ಸು, ಹೋಗಲೇಬೇಕಾದ ಅಗತ್ಯವೇನು, ಯಾವುದೂ ಇಲ್ಲ. "ನಾನೂ ಕುಂತೂರ್ಗೆ ಓಯ್ತೀನಿ. ನಮ್ ಪ್ರಭುಸ್ವಾಮಿ ಕಬ್ಬಿನ್ ಗದ್ದೆ ನೋಡ್ ಬಾ ಬಾ ಅಂತವ್ನೆ" ಎಂದು ಅನ್ನ ಕಲಸಿದರು. ಬೆಳಿಗ್ಗೆ ಅವಳು ತಲೆಗೆ ನೀರು ಹಾಕಿಕೊಂಡು ಬರುವಷ್ಟರಲ್ಲಿ ಇಸ್ತ್ರಿ ಪ್ಯಾಂಟು ಹಾಕಿಕೊಂಡು ಹೊರಟೂ ಹೋಗಿದ್ದರು. ಕಬ್ಬಿನ ಗದ್ದೆ ನೋಡಲು ಇಸ್ತ್ರಿ ಪ್ಯಾಂಟು ಯಾಕೆ ಎಂಬುದೂ ಅವಳಿಗೆ ಹೊಳೆಯಲಿಲ್ಲ. ಮದುವೆಯಲ್ಲಿ ತವರಿನವರು ಹೆಸರು ಕೊರೆಸಿ ಕೊಟ್ಟ ಜೋಡಿ ಸ್ಟೀಲು ಡಬ್ಬಿಗಳಲ್ಲಿ ಒಂದು ಮಾತ್ರ ಕೈಗೆ ಸಿಕ್ಕಿತು. ಇನ್ನೊಂದನ್ನು ಇವರು ಎಲ್ಲಿಗೋ ವರ್ಗ ಮಾಡಿರಬೇಕು ಅಂದುಕೊಂಡು, ಸಿಕ್ಕಿದ್ದರಲ್ಲೇ ಕಜ್ಜಾಯ ಒತ್ತಿ ತುಂಬಿದಳು.

ಯಳಂದೂರಿನ ಆ ಮನೆಯಲ್ಲಿ ಈಚೆಗೆ ಎಲ್ಲಕ್ಕೂ ವರ್ಗಾವಣೆಯಾಗುತ್ತಿತ್ತು. ಹುಣಸೆಹಣ್ಣಿನ ಜಾಡಿ ಮೇಲಿನ ಹಲಗೆಗೆ, ಉಪ್ಪು ಕಿಟಕಿಗೆ, ಒಗ್ಗರಣೆ ಸಾಸಿವೆ ಫ್ರಿಜ್ಜಿಗೆ. ಶಾಂತಮೂರ್ತಿಯವರು ಕೊಳ್ಳೇಗಾಲದ ಸರ್ಕಾರಿ ಕಚೇರಿಯಲ್ಲಿ ಮ್ಯಾನೇಜರ್ ಆಗಿ ನಿವೃತ್ತರಾದ ಮರುದಿನ ಬೆಳಿಗ್ಗೆ ಎಂದಿನಂತೆ ಸ್ನಾನ, ಪೂಜೆ, ತಿಂಡಿ ಮುಗಿಸಿ, ವಿಭೂತಿ ಹಚ್ಚಿಕೊಂಡು, ಚಪ್ಪಲಿ ಮೆಟ್ಟಿ ಬಾಗಿಲವರೆಗೆ ಹೋಗಿ ನಿಂತರು. ಹೋಗಲು ಜಾಗವಿರಲಿಲ್ಲ. ಮನೆಯನ್ನೇ ಒಂದು ಸುತ್ತು ಹಾಕಿ, ಹಿತ್ತಲ ತೆಂಗಿನ ಮರ ಮುಟ್ಟಿ, ಮತ್ತೆ ಮುಂಬಾಗಿಲಿಂದ ಒಳಗೆ ಬಂದು ಊಟದ ಮೇಜಿನ ಹಿಂದೆ ಬಾಗಿಲಿಗೆ ಮುಖ ಮಾಡಿ ಕೂತರು. ಅಂದಿನಿಂದ ಆ ಮೇಜು ಊಟಕ್ಕೆ ಸಿಕ್ಕಲಿಲ್ಲ. ಸೊಪ್ಪು ಮಾರುವ ರಾಚಮ್ಮ ಬಂದರೆ, "ಏನ್ ವಿಷ್ಯ?" ಎಂದರು. ರಾಚಮ್ಮ ದಂಟು, ಕೀರೆ, ಸಬ್ಬಸಿಗೆ ಎಂದು ಹೇಳಿ ಮುಗಿಸುವವರೆಗೆ ಕಣ್ಣು ಮುಚ್ಚಿ ಕೇಳಿ, "ಆಯ್ತು, ನೋಡಾನ, ನಾಳೆ ಬಾ" ಎಂದರು. ಅವಳು ನಿಜವಾಗಿಯೂ ನಾಳೆ ಬಂದಳು. ಮೊಸರು ಹೆಪ್ಪಾಗದಿದ್ದ ದಿನ, ಯಾಕೆ ಹೆಪ್ಪಾಗಲಿಲ್ಲ ಎಂದು ಎರಡು ಸಲ ಕೇಳಿದರು. ಮೂರನೆಯ ಸಲ ಕೇಳಲು ಅವರೇ ನಾಚಿಕೊಂಡು, ಮೊಸರನ್ನೇ ನೋಡುತ್ತಾ ಕೂತರು.

ಅದೆಲ್ಲ ಹೇಗೋ ಸಹಿಸಬಹುದಿತ್ತು. ಸಹಿಸಲಾಗದ್ದು ಒಂದೇ, ಹಿಂದೆ ಬಂದು ನಿಲ್ಲುವುದು. ಅವಳು ಒಲೆಯ ಮುಂದೆ ಇರುತ್ತಿದ್ದಳು, ಬೆನ್ನ ಹಿಂದೆ ಸದ್ದಿಲ್ಲದೆ ಬಂದು ಕೈ ಕಟ್ಟಿ ನಿಲ್ಲುತ್ತಿದ್ದರು. ಏನೂ ಮಾತಾಡುತ್ತಿರಲಿಲ್ಲ. ಅವರ ಉಸಿರು ಮಾತ್ರ ಬರುತ್ತಿತ್ತು, ಬೆನ್ನಿಗೆ ಒಂದು ತನಿಖೆ ಅಂಟಿಕೊಂಡ ಹಾಗೆ. ಅವಳ ಕೈ ತಪ್ಪುತ್ತಿತ್ತು. ನಲವತ್ತು ವರ್ಷ ಕಣ್ಣು ಮುಚ್ಚಿ ಹಾಕಿದ ಉಪ್ಪು ಹೆಚ್ಚಾಗುತ್ತಿತ್ತು. ಹೆಚ್ಚಾದದ್ದನ್ನು ಅವರು ಮೌನವಾಗಿ ತಿನ್ನುತ್ತಿದ್ದರು. ಅವರೇನಾದರೂ ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಮೌನವಾಗಿ ತಿನ್ನುವವರನ್ನು ಏನು ಮಾಡುವುದು?

ಕೊಳ್ಳೇಗಾಲದಲ್ಲಿ ಬಸ್ಸು ಬದಲಿಸಿ ಕಿಟಕಿಯ ಪಕ್ಕ ಕೂತಳು. ಕಂಡಕ್ಟರ್ ಬಂದು, "ಎಲ್ಗವ್ವಾ? ಆಧಾರ್ ತೆಗಿ" ಎಂದ. "ಮಧುವನಹಳ್ಳಿ" ಎಂದುಬಿಟ್ಟಳು. ಹೇಳಿ ಹೇಳಿ ಅಭ್ಯಾಸವಾದ ಸುಳ್ಳು ತಾನಾಗಿಯೇ ಬಾಯಿಂದ ಬಂದಿತ್ತು. ಅವನು ದುಡ್ಡಿಲ್ಲದ ಚೀಟಿ ಹರಿದುಕೊಟ್ಟು ಮುಂದೆ ಹೋದ ಮೇಲೆ ಚೀಟಿಯ ಮೇಲಿನ ಊರಿನ ಹೆಸರು ನೋಡಿದಳು. ಹೋಗಬೇಕಾದದ್ದು ಹನೂರಿಗೆ. ಬಿಟ್ಟಿ ಚೀಟಿಯಲ್ಲೂ ಮೋಸ ಮಾಡಿದ ಹೆಂಗಸು ಈ ತಾಲ್ಲೂಕಿನಲ್ಲಿ ತಾನೊಬ್ಬಳೇ ಇರಬೇಕು. ಕರೆದು ತಿದ್ದಿಸೋಣವೆಂದರೆ ಬಸ್ಸಿನ ತುಂಬ ಜನ, ಎಲ್ಲರೂ ತಿರುಗಿ ನೋಡುತ್ತಾರೆ. ಅಷ್ಟರಲ್ಲಿ ಮುಂದೆ ಕಬ್ಬಿನ ಟ್ರಾಕ್ಟರೊಂದು ರಸ್ತೆಯ ಮುಕ್ಕಾಲು ಭಾಗ ಹಿಡಿದು ಬಸುರಿಯ ಹಾಗೆ ನಿಧಾನವಾಗಿ ಹೋಗುತ್ತಿತ್ತು. ಡ್ರೈವರು ಹಾರ್ನು ಒತ್ತಿ ಒತ್ತಿ ಸುಸ್ತಾಗಿ ಸುಮ್ಮನಾದ. ಹಾರ್ನಿನಿಂದ ಅವಳಿಗೆ ಹಾರ ನೆನಪಾಯಿತು. ಗಂಡನ ಬೀಳ್ಕೊಡುಗೆಯ ದಿನ ವೇದಿಕೆಯ ಮೇಲೆ ಒಂದೇ ಹಾರವನ್ನು ಇಬ್ಬರಿಗೂ ಸೇರಿಸಿ ಹಾಕಿದ್ದರು. ಸುಗಂಧರಾಜದ ಅಷ್ಟು ದೊಡ್ಡ ಹಾರ, ಅವರ ಕಡೆ ತಿರುಗಿದರೆ ಮೂಗಿಗೆ ಹೂ ತಾಗುತ್ತಿತ್ತು. ಅವರ ತಲೆಯ ಮೇಲೆ ಜರಿ ಪೇಟ ಕಿವಿಯವರೆಗೆ ಇಳಿದಿತ್ತು. ಯಾರೋ ಮೈಕಿನಲ್ಲಿ, "ಇಷ್ಟು ವರ್ಷ ಸಾಹೇಬ್ರು ನಮ್ಮೋರಾಗಿದ್ರು, ಇನ್ಮೇಲೆ ಪೂರ್ತಿ ಅಮ್ಮಾವ್ರಿಗೆ" ಎಂದರು. ಜನ ಚಪ್ಪಾಳೆ ತಟ್ಟಿದರು. ಮಗಳು ಮಧುಶ್ರೀ ಚಿಕ್ಕವಳಿದ್ದಾಗ, ಜ್ವರ ಬಂದು ಮೈ ಕೆಂಡವಾಗಿದ್ದ ದಿನ, ಇವರು ಇವತ್ತೊಂದು ದಿನ ಮನೆಯಲ್ಲಿರಬಾರದೇ ಎಂದು ದೇವರನ್ನು ಬೇಡಿದ್ದಳು. ದೇವರು ಅರ್ಜಿಯನ್ನು ಈಗ ವಿಲೇವಾರಿ ಮಾಡಿದ್ದಾನೆ, ಒಟ್ಟಿಗೆ, ಬಾಕಿ ಸಮೇತ.

ಮಧುವನಹಳ್ಳಿ ಬಂತು. ನಿಲ್ದಾಣದಲ್ಲಿ ಅಕ್ಕ ಚನ್ನಮಲ್ಲಮ್ಮ ಕೊತ್ತಂಬರಿ ಕಟ್ಟು ಹಿಡಿದು ಯಾರ ಜೊತೆಯೋ ಕೈ ಬೀಸಿ ಬೀಸಿ ಜಗಳವಾಡುತ್ತ ನಿಂತಿದ್ದಳು. ಬಾಯಿ ಕೆಟ್ಟ ಲಕ್ಷಣ ಎಲ್ಲೂ ಕಾಣಲಿಲ್ಲ. ಶಿವರತ್ನಮ್ಮ ಸೆರಗು ತಲೆಗೆಳೆದು ಸೀಟಿನಲ್ಲಿ ಜಾರಿ ಕೂತಳು. ಮೊಣಕಾಲು ಮುಂದಿನ ಸೀಟಿಗೆ ತಾಗಿ ಅಲ್ಲಿದ್ದವನು ತಿರುಗಿ ನೋಡಿದ. ಕಂಡಕ್ಟರ್ ಬಂದು ನಿಂತ. "ಅವ್ವಾ, ಮಧುವನಳ್ಳಿ ಓಯ್ತು ಕಣವ್ವಾ." "ಮುಂದಕ್ಕೆ... ಅನೂರ್ಗೆ ಕೊಟ್ಬುಡಪ್ಪ." "ಅಲ್ಲಿಗ್ಯಾಕೆ?" ಅವನು ಕೇಳಿದ್ದು ಸುಮ್ಮನೆ. ಆದರೆ ಅವಳು ಉತ್ತರಿಸಿದಳು, "ನಮ್ಮನೆಯವ್ರ್‌ಗೆ ಒಂದ್ ಕೆಲ್ಸ ಕೇಳಾಕೆ." ಅವನು ಅವಳ ನರೆತ ಕೂದಲನ್ನೂ ಆಧಾರ್ ಕಾರ್ಡನ್ನೂ ಒಮ್ಮೆ ನೋಡಿ, ಇನ್ನೊಂದು ಚೀಟಿ ಹರಿದುಕೊಟ್ಟ.

ಕೆಲಸದ ವಿಷಯ ಅವಳ ಕಿವಿಗೆ ಬಿದ್ದದ್ದು ವಾರದ ಹಿಂದೆ. ಹನೂರಿನ ಕಚೇರಿಯಲ್ಲಿ ಈಗ ಆಫೀಸರಾಗಿರುವ ಪದ್ಮಿನಿ ಮೊದಲು ಕೊಳ್ಳೇಗಾಲದಲ್ಲಿ ಇವರ ಕೈಕೆಳಗೆ ಟೈಪಿಸ್ಟಾಗಿದ್ದವಳು. ಅವಳು ಫೋನು ಮಾಡಿ, ಜನ ಸಾಲುತ್ತಿಲ್ಲ, ನಿವೃತ್ತರಾದವರನ್ನು ಗುತ್ತಿಗೆಯ ಮೇಲೆ ಮತ್ತೆ ತೆಗೆದುಕೊಳ್ಳಲು ಅನುಮತಿ ಬಂದಿದೆ, ಬರುತ್ತೀರಾ ಎಂದು ಕೇಳಿದ್ದಳು. ಅಡುಗೆಮನೆಯಲ್ಲಿ ಶಿವರತ್ನಮ್ಮನ ಕೈಯಲ್ಲಿದ್ದ ಜಾಲರಿ ಸೌಟು ಎಣ್ಣೆಯ ಮೇಲೆ ಹಾಗೇ ನಿಂತಿತು. ಹಪ್ಪಳ ಕಪ್ಪಾಯಿತು. ನಡುಮನೆಯಿಂದ ಶಾಂತಮೂರ್ತಿಯವರ ದನಿ ಮೈಕಿನ ದನಿಯಂತೆ ಬಂತು, "ಆರ ಆಕ್ಸ್ಕಂಡು, ಪೇಟ ಇಕ್ಸ್ಕಂಡು, ಎಲ್ರ್ ಮುಂದೆ ಕಣ್ಣೀರಾಕಿ ಬಂದಿವ್ನಿ ಕಣಮ್ಮ. ಈಗ ಮತ್ತೆ ಓಗಿ ಕೂತ್ಕಂಡ್ರೆ ಆ ಆರಕ್ಕೆ ಏನ್ ಬೆಲೆ?" ಹಾರಕ್ಕೆ ಬೆಲೆ ಇದ್ದಂತೆ! ಮೂರನೆಯ ದಿನ ಅದನ್ನು ಹಸುವಿಗೆ ಹಾಕಿದ್ದಳು, ಹಸುವೂ ಅರ್ಧ ಬಿಟ್ಟಿತ್ತು. ಆ ದಿನವೆಲ್ಲ ಅವರು ಎದೆಯುಬ್ಬಿಸಿ ಓಡಾಡಿದರು. ಹೋಗಿ ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ಹೋಗಿ ಎಂದರೆ, ಇಲ್ಲಿರಬೇಡಿ ಎಂದಂತಾಗುತ್ತದೆ. ಹಾಗೆ ಅನ್ನಿಸುತ್ತಿದ್ದದ್ದು ನಿಜವಾದ್ದರಿಂದಲೇ ಹೇಳಲಾಗಲಿಲ್ಲ. ಬದಲಾಗಿ ಅಕ್ಕಿ ನೆನೆಹಾಕಿದಳು. ಪದ್ಮಿನಿಗೆ ಕಜ್ಜಾಯವೆಂದರೆ ಪ್ರಾಣ. ಅವಳೇ ಮತ್ತೊಮ್ಮೆ, ಇನ್ನಷ್ಟು ಬಲವಂತವಾಗಿ, ಸರ್ಕಾರಕ್ಕೆ ನೀವಿಲ್ಲದೆ ನಡೆಯುವುದೇ ಇಲ್ಲ ಎಂಬಂತೆ ಕರೆದರೆ? ಸೇವೆಯುದ್ದಕ್ಕೂ ಯಾರಿಂದಲೂ ಒಂದು ಕಾಫಿ ಕುಡಿಯದ ಗಂಡಸು ಅವರು. ಯಾವನೋ ರೈತ ಪ್ರೀತಿಗೆ ತಂದ ಕುಂಬಳಕಾಯಿಯನ್ನು ಆಟೋ ಮಾಡಿ ವಾಪಸ್ಸು ಕಳಿಸಿದ್ದರು. ಅವರ ಹೆಂಡತಿ ಈಗ ಡಬ್ಬಿ ತುಂಬ ವಶೀಲಿ ಹೊತ್ತುಕೊಂಡು ಹೋಗುತ್ತಿದ್ದಾಳೆ, ಅದೂ ತುಪ್ಪದಲ್ಲಿ ಕರಿದದ್ದು. ಬ್ಯಾಗು ತೊಡೆಯ ಮೇಲೆ ಬಿಸಿಯಾದಂತೆ ಅನ್ನಿಸಿ ಪಕ್ಕಕ್ಕಿಟ್ಟಳು. ಪಕ್ಕದವಳು ಮೂಗರಳಿಸಿದಳು. ಮತ್ತೆ ತೊಡೆಯ ಮೇಲಿಟ್ಟುಕೊಂಡಳು.

ಹನೂರಿನ ಕಚೇರಿಯ ಅಟೆಂಡರ್ ಮಾದೇಶ, ಅವನೂ ಹಿಂದೆ ಕೊಳ್ಳೇಗಾಲದಲ್ಲಿದ್ದವನು, ಅವಳನ್ನು ಕಂಡದ್ದೇ, "ಓ, ಬನ್ನಿ ಬನ್ನಿ, ನೀವೂ ಬಂದ್ರಾ" ಎಂದ. ಆ 'ನೀವೂ' ಅವಳ ಕಿವಿಯ ಪಕ್ಕದಲ್ಲಿ ಹಾದುಹೋಯಿತು. ಪದ್ಮಿನಿಯ ಕೋಣೆಯಲ್ಲಿ ಕೂತು, ಬಸ್ಸಿನುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಪೀಠಿಕೆಯನ್ನೆಲ್ಲ ಮರೆತು, "ನಮ್ಮನೆಯವ್ರ್ನ ವಾಪಸ್ ತಕಂಡ್ಬುಡು ಕಣಮ್ಮಾ" ಎಂದುಬಿಟ್ಟಳು.

"ವಾಪಸ್ ತಕಳಾಕೆ ಸಾರ್ ಏನು ಅಂಗ್ಡಿ ಸೀರೆನಾ ಅಮ್ಮಾ?" ಎಂದ ಪದ್ಮಿನಿಯ ತುಟಿಯ ಕೊನೆಯಲ್ಲಿ ಏನೋ ಅದುರುತ್ತಿತ್ತು.

"ನಗ್ಬೇಡ ತಾಯಿ. ಸಾಸಿವೆ ಫ್ರಿಜ್ಜಿನಾಗೈತೆ. ನಂಗೆ ಕೈ ಕಾಲೇ ಆಡಲ್ದು. ನೀನೊಂದ್ ಸಲ ಜೋರ್ ಮಾಡಿ ಕರೆದ್ರೆ ಬತ್ತರೆ. ನಾನ್ ಬಂದಿದ್ದೆ ಅಂತ ಮಾತ್ರ ಏಳ್ಬೇಡ." ಹೇಳುತ್ತಲೇ ಬ್ಯಾಗಿನಿಂದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. ಇಟ್ಟದ್ದು ಇನ್ನೊಂದು ಡಬ್ಬಿಗೆ ತಗುಲಿ ಟಿಣ್ ಎಂದಿತು. ಅದೇ ಗಾತ್ರ, ಅದೇ ಮುಚ್ಚಳ. ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರಗಳನ್ನು ಅವಳು ಎರಡು ಸಲ ಓದಿದಳು. ಅವಳದೇ ಹೆಸರು. ಎರಡರಲ್ಲೂ. ತನ್ನ ಡಬ್ಬಿ ತನಗಿಂತ ಮೊದಲು ಬಸ್ಸು ಹತ್ತಿ ಬಂದು ಇಲ್ಲಿ ಕೂತಿರುವುದು ಹೇಗೆ ಎಂದು ಒಂದು ಕ್ಷಣ ನಿಜಕ್ಕೂ ಆಲೋಚಿಸಿದಳು. ಆಮೇಲೆ ಬೆಳಿಗ್ಗೆ ಕೈಗೆ ತಿಳಿದಿದ್ದ ಹಗುರ ಈಗ ತಲೆಗೆ ತಲುಪಿತು.

"ಸಾರ್ ಬಂದು ಅರ್ಧ ಗಂಟೆಯಾಯ್ತು" ಎಂದಳು ಪದ್ಮಿನಿ, ಕೈಯಿಂದ ಬಾಯಿ ಮುಚ್ಚಿಕೊಂಡು. "ಇಂದ್ಗಡೆ ರೆಕಾರ್ಡ್ ರೂಮ್ ನೋಡ್ತಾವ್ರೆ. ಅವ್ರೂ ಇದ್ನೇ ಏಳಿದ್ರು, ಮನೇಲಿ ಗೊತ್ತಾಗ್ಬಾರ್ದು ಅಂತ."

ಹೊರಗೆ ಕೆಮ್ಮು ಕೇಳಿಸಿತು. ಆ ಕೆಮ್ಮನ್ನು ಅವಳು ಸಾವಿರ ಕೆಮ್ಮಿನ ನಡುವೆಯೂ ಗುರುತಿಸಬಲ್ಲಳು. ಆಗ ಶಿವರತ್ನಮ್ಮ ಮಾಡಿದ ಕೆಲಸವನ್ನು, ಮೊಮ್ಮಗು ಕಂಡಿರುವ, ಬೀದಿಯಲ್ಲಿ ನಾಲ್ಕು ಜನ ಗೌರವ ಕೊಡುವ ಹೆಂಗಸು ಮಾಡುತ್ತಾಳೆಂದು ಯಾರೂ ಹೇಳಲಾರರು. ಎದ್ದವಳೇ ಕಬ್ಬಿಣದ ಬೀರುವಿನ ಮಗ್ಗುಲಿಗೆ, ಗೋಡೆಗೂ ಅದಕ್ಕೂ ನಡುವಿನ ಸಂದಿಗೆ ನುಗ್ಗಿದಳು. ಸಂದಿ ಕಿರಿದಾಗಿತ್ತು. ಉಸಿರು ಒಳಗೆಳೆದುಕೊಂಡರೆ ಹಿಡಿಸುತ್ತಿದ್ದಳು, ಬಿಟ್ಟರೆ ಬೀರು ಕಿರ್ ಎನ್ನುತ್ತಿತ್ತು. ಹಳೆಯ ಫೈಲುಗಳ ಧೂಳು ಮೂಗಿನ ಮುಂದೆಯೇ ಇತ್ತು. ನಲವತ್ತು ವರ್ಷ ಇವರು ಇಂಥದ್ದೇ ವಾಸನೆಯನ್ನು ಅಂಗಿಯಲ್ಲಿ ಹೊತ್ತು ಮನೆಗೆ ಬರುತ್ತಿದ್ದರು. ಅವಳು ಅದನ್ನು ಅವರ ಮೈವಾಸನೆ ಅಂದುಕೊಂಡಿದ್ದಳು. ಕುರ್ಚಿ ಎಳೆದ ಸದ್ದು.

"ಇದೇನಮ್ಮ, ಎರಡ್ ಡಬ್ಬಿ? ನಾನು ಒಂದೇ ತಂದ ಗ್ಯಾನ."

"ಎರಡನೇದು ಆಮ್ಯಾಕೆ ಬಂತು ಸಾರ್" ಎಂದಳು ಪದ್ಮಿನಿ. "ನೋಡಿ ಸಾರ್, ಮೊದ್ಲೇ ಏಳ್ಬುಡ್ತೀನಿ. ರೂಲು ಬಾಳ ಐತೆ. ಗುತ್ತಿಗೆ ಮೇಲೆ ಬಂದೋರು ಯಾವ ಕಾಗ್ದಕ್ಕೂ ಸಹಿ ಆಕಂಗಿಲ್ಲ. ಯಾರ್ ಮೇಲೂ ಅಧಿಕಾರ ಇಲ್ಲ. ಚಾರ್ಜು ಕೊಡಂಗಿಲ್ಲ. ಮೂಲೇಲಿ ಒಂದ್ ಮೇಜು, ಹುಡುಗ್ರು ಕೇಳಿದ್ರೆ ಏಳ್ಕೊಡೋದು, ಅಷ್ಟೇಯ. ನೀವು ಮ್ಯಾನೇಜರ್ ಆಗಿದ್ದೋರು. ಆಯ್ತದಾ?"

ಬೀರುವಿನ ಸಂದಿಯಲ್ಲಿ ಶಿವರತ್ನಮ್ಮ ಮನಸ್ಸಿನಲ್ಲೇ ಕೈಮುಗಿದಳು. ಆಯ್ತು ಅನ್ನಿ, ಆಯ್ತು ಅನ್ನಿ.

"ಕೇಳ್ತಾರಾ ಹುಡುಗ್ರು?" ಎಂದರು ಶಾಂತಮೂರ್ತಿ.

"ಕೇಳ್ತಾರೆ ಸಾರ್. ಏನೂ ಗೊತ್ತಿಲ್ಲ ಅವ್ಕೆ."

"ಹಂಗಾದ್ರೆ ಸರಿ."

"ಅಲ್ಲಾ ಸಾರ್, ಅವತ್ತು ಆರ ಪೇಟ ಅಂತ ಅಷ್ಟ್ ದೊಡ್ಡ ಭಾಷ್ಣ ಮಾಡಿದ್ರಿ. ಇವತ್ಯಾಕೆ ಮನ್ಸು ಬದ್ಲಾಯ್ತು?" ಪದ್ಮಿನಿಯ ದನಿ ಬೀರುವಿನ ಕಡೆಗೆ ತಿರುಗಿದಂತಿತ್ತು. "ಮನೇಲಿ ಅಮ್ಮಾವ್ರ ಜೊತೆ ಆರಾಮಾಗಿರಬೋದಲ್ಲ?"

ಡಬ್ಬಿಯ ಮುಚ್ಚಳ ತೆಗೆದು ತೆಗೆದು ಹಾಕುವ ಸದ್ದು ಬಂತು. ಶಿವರತ್ನಮ್ಮನಿಗೆ ಇದ್ದಕ್ಕಿದ್ದಂತೆ ಸಿಟ್ಟು ಬಂತು. ತಾನು ಇವರನ್ನು ಹೊರಗೆ ಕಳಿಸಲು ಹೊರಟದ್ದು ಬೇರೆ, ಇವರೇ ತನ್ನಿಂದ ತಪ್ಪಿಸಿಕೊಂಡು ಹೋಗಲು ಕಜ್ಜಾಯ ಕದ್ದು ಬಂದದ್ದು ಬೇರೆ. ಏನು ಕಮ್ಮಿ ಮಾಡಿದ್ದಾಳೆ? ಹೊತ್ತುಹೊತ್ತಿಗೆ ಬಿಸಿ ಊಟ, ಮಡಿಸಿದ ಬಟ್ಟೆ. ಇವರಿಗೆ ಅವಳು ಬೇಡವಾದಳೇ?

"ಆ ಮನೇಲಿ ಖಾಲಿ ಹುದ್ದೆ ಇಲ್ಲ ಕಣಮ್ಮ" ಎಂದರು ಶಾಂತಮೂರ್ತಿ. "ಎಲ್ಲಾ ಸೆಕ್ಷನ್ನೂ ಅವ್ಳೇ ನೋಡ್ಕತಾಳೆ. ಬಾಳ ಚೆಂದಾಗಿ ನೋಡ್ಕತಾಳೆ, ಕಂಪ್ಲೇಂಟ್ ಏಳಂಗಿಲ್ಲ. ನಾನು ಓಗಿ ಇಂದ್ಗಡೆ ನಿಂತ್ಕತೀನಿ. ಏನಾರ ಕೆಲ್ಸ ಏಳ್ತಾಳೇನೋ ಅಂತ. ಕಾಯಿ ತುರ್ಕೊಡಿ, ನೀರ್ ತತ್ತನ್ನಿ, ಏನಾರ ಒಂದು. ಏಳಲ್ಲ. ಉಪ್ಪಿನ್ ಜಾಡಿ ಎತ್ತಿ ಕಿಟ್ಕೀಲಿಟ್ಟೆ, ಆಗ್ಲಾದ್ರೂ ಎಲ್ಲೈತೆ ಅಂತ ಕೇಳ್ಲಿ ಅಂತ. ಅವ್ಳೇ ಉಡುಕ್ಕಂಡ್ಳು."

ಶಿವರತ್ನಮ್ಮ ಉಸಿರು ಬಿಟ್ಟಳು. ಬೀರು ಕಿರ್ ಎಂದಿತು. ತಿಂಗಳುಗಟ್ಟಲೆ ಬೆನ್ನಿಗೆ ಅಂಟಿಕೊಂಡಿದ್ದ ಆ ಉಸಿರು ತನಿಖೆಯದಲ್ಲ. ಕಚೇರಿಯ ಬಾಗಿಲಲ್ಲಿ ಕೈ ಕಟ್ಟಿ, ಒಳಗಿನವರು ತಲೆ ಎತ್ತಲಿ ಎಂದು ಕಾಯುವ ಜನರಿರುತ್ತಾರಲ್ಲ, ಅವರ ಉಸಿರು. ಅವಳು ತಲೆ ಎತ್ತಿರಲಿಲ್ಲ. ನಾಳೆ ಬಾ ಎಂದೂ ಹೇಳಿರಲಿಲ್ಲ. ಕಣ್ಣಿಗೆ ನೀರು ಬಂದದ್ದು ಧೂಳಿಗೋ ಇದಕ್ಕೋ ತಿಳಿಯದೆ ಒರೆಸಿಕೊಳ್ಳೋಣವೆಂದರೆ ಕೈ ಎತ್ತಲು ಜಾಗವಿರಲಿಲ್ಲ. ಹೋಗಿ ಕಾಲು ಹಿಡಿಯಬೇಕೆನಿಸಿತು. ಬಗ್ಗಲೂ ಜಾಗವಿರಲಿಲ್ಲ.

ಮಾದೇಶ ತಟ್ಟೆಯಲ್ಲಿ ಮೂರು ಲೋಟ ಇಟ್ಟುಕೊಂಡು ಬಂದ. ಒಂದನ್ನು ಮೇಡಂಗೆ ಕೊಟ್ಟ, ಒಂದನ್ನು ಸಾಹೇಬರಿಗೆ ಕೊಟ್ಟ, ನೇರವಾಗಿ ಬೀರುವಿನ ಬಳಿಗೆ ಹೋಗಿ ಸಂದಿಗೆ ಕೈ ಚಾಚಿದ. "ಅಮ್ಮಾ, ಸಕ್ಕರೆ ಆಕಿವ್ನಿ. ಪರ್ವಾಗಿಲ್ವಾ?"

ಲೋಟ ಹಿಡಿದುಕೊಂಡೇ ಶಿವರತ್ನಮ್ಮ ಅಡ್ಡಡ್ಡವಾಗಿ ಹೊರಗೆ ಬಂದಳು. ಕೂದಲಿನ ಮೇಲೆ ಜೇಡರ ಬಲೆ. ಶಾಂತಮೂರ್ತಿಯವರ ಲೋಟ ತುಟಿಗೂ ಮೇಜಿಗೂ ನಡುವೆ ನಿಂತಿತು.

"ನೀನು ಮಧುವನಳ್ಳಿಗೆ ಓಗಿರ್ಲಿಲ್ವಾ?"

"ನೀವು ಕುಂತೂರ್ಗೆ ಓಗಿರ್ಲಿಲ್ವಾ?"

ಇಬ್ಬರೂ ಡಬ್ಬಿಗಳ ಕಡೆ ನೋಡಿದರು. "ಅದು... ಲಂಚ ಅಲ್ಲ" ಎಂದರು ಶಾಂತಮೂರ್ತಿ, ಕಿವಿಯವರೆಗೆ ಕೆಂಪಾಗಿ. ಯಾರಿಗೆ ಹೇಳುತ್ತಿದ್ದಾರೋ ಅವರಿಗೇ ಗೊತ್ತಿದ್ದಂತಿರಲಿಲ್ಲ. "ನಂದೂ ಅಲ್ಲ" ಎಂದಳು ಅವಳು. ಮಾದೇಶ ಅದರಿಂದೊಂದು, ಇದರಿಂದೊಂದು ತೆಗೆದು ಬಾಯಿಗೆ ಹಾಕಿಕೊಂಡು ಗಂಭೀರವಾಗಿ ಅಗಿದು, "ಎರಡೂ ಒಂದೇ ಪಾಕ ಸಾ" ಎಂದು ವರದಿ ಕೊಟ್ಟ. ಪದ್ಮಿನಿ ಮೇಜಿನ ಮೇಲೆ ತಲೆಯಿಟ್ಟು ನಕ್ಕಳು, ಭುಜ ಕುಲುಕುವ ಹಾಗೆ. ಒಂದು ಕಾಲಕ್ಕೆ ಒಂದು ಅಲ್ಪವಿರಾಮಕ್ಕಾಗಿ ಅವಳ ಕೈಯಲ್ಲಿ ಇಡೀ ಹಾಳೆಯನ್ನು ಮತ್ತೆ ಟೈಪು ಮಾಡಿಸಿ ಅವಳಿಂದ ಕಣ್ಣೀರು ಹಾಕಿಸಿದ್ದ ಶಾಂತಮೂರ್ತಿಯವರು, ಅವಳು ನಕ್ಕು ಮುಗಿಸುವವರೆಗೆ ಕೈ ಕಟ್ಟಿ ಕಾದರು. ಸೋಮವಾರ ಬನ್ನಿ ಸಾರ್ ಎಂದಳು ಅವಳು, ಕಣ್ಣೊರೆಸಿಕೊಂಡು.

ವಾಪಸ್ಸು ಬಸ್ಸಿನಲ್ಲಿ ಇಬ್ಬರೂ ಪಕ್ಕಪಕ್ಕದಲ್ಲಿ ಕೂತರು. ಅವರು ಟಿಕೆಟಿಗೆ ದುಡ್ಡು ಕೊಟ್ಟರು, ಅವಳು ಆಧಾರ್ ತೋರಿಸಿದಳು. ಈ ಸಲ ಇಬ್ಬರೂ ಒಂದೇ ಊರಿನ ಹೆಸರು ಹೇಳಿದರು. ಹೋಗಬೇಡಿ, ಮನೆಯಲ್ಲೇ ಇರಿ, ನಾಳೆಯಿಂದ ಕಾಯಿ ನೀವೇ ತುರಿಯಿರಿ ಎನ್ನುವ ಮಾತು ಅವಳ ಗಂಟಲವರೆಗೆ ಬಂದಿತ್ತು. ಹೇಳಿದ್ದರೆ ಅವರು ನಿಂತುಬಿಡುತ್ತಿದ್ದರು, ಅದು ಅವಳಿಗೆ ಗೊತ್ತಿತ್ತು. ಕಿಟಕಿಯಾಚೆ ಜೋಳದ ಹೊಲ, ಒಂಟಿ ಬೇವಿನ ಮರ, ಹಗ್ಗ ಬಿಚ್ಚಿಕೊಂಡು ಯಾರದೋ ಬೆಳೆಯ ಕಡೆ ನಡೆದಿದ್ದ ಎಮ್ಮೆ ಹಾದುಹೋದವು. ಸೋಮವಾರ ಬೆಳಿಗ್ಗೆ ಇವರು ಹೊರಟ ಮೇಲೆ ಅಡುಗೆಮನೆ ಹೇಗಿರುತ್ತದೆಂದು ಯೋಚಿಸಿದಳು. ಸಾಸಿವೆ ಸಾಸಿವೆಯ ಜಾಗದಲ್ಲಿ, ಹಿಂದೆ ಯಾರೂ ಇಲ್ಲದ ಬೆನ್ನು. ಎಷ್ಟು ಸುಖವೆನಿಸಿತೆಂದರೆ ನಾಚಿಕೆಯಾಯಿತು. ನಾಚಿಕೆಯಾದರೂ ಸುಖ ಕಡಿಮೆಯಾಗಲಿಲ್ಲ. ಮಾತನ್ನು ನುಂಗಿದಳು. ನುಂಗಿದ ಮೇಲೆ, ತಪ್ಪು ಮಾಡಿದ ಮಗುವಿನ ಹಾಗೆ ಗಂಡನ ಮೊಣಕೈ ಹಿಡಿದುಕೊಂಡಳು. ಅವರು ಸುತ್ತ ಯಾರಾದರೂ ನೋಡುತ್ತಿದ್ದಾರೆಯೇ ಎಂದು ಪರೀಕ್ಷಿಸಿ, ಬಿಡಿಸಿಕೊಳ್ಳದೆ ಕೂತರು.

"ಗುತ್ತಿಗೆ ಅನ್ನೊಂದ್ ತಿಂಗ್ಳಂತೆ" ಎಂದರು ಸ್ವಲ್ಪ ಹೊತ್ತಾದ ಮೇಲೆ. "ಆಮ್ಯಾಕೆ ಒಂದ್ ದಿವ್ಸ ಬಿಡ್ಸಿ, ಮತ್ತೆ ತಕತಾರಂತೆ. ಒಂದೇ ಸಮ್ನೆ ಇಟ್ಕಳಂಗಿಲ್ವಂತೆ, ರೂಲು."

"ಆ ಒಂದ್ ದಿವ್ಸ ಏನ್ ಮಾಡೀರಿ?"

"ಮನೇಲಿರ್ತೀನಿ" ಎಂದರು. ಹೇಳಿದ್ದು ಮೆಲ್ಲಗೆ, ಅನುಮತಿ ಕೇಳುವವರ ಹಾಗೆ.

ಅವಳು ಆ ದಿನವನ್ನು ಎದುರಿಗಿಟ್ಟುಕೊಂಡು ನೋಡಿದಳು. "ಅವತ್ತು ನಾನು ಅಕ್ಕನ್ ಮನೇಗೆ ಓಯ್ತೀನಿ. ನಿಜವಾಗ್ಲೂ ಓಯ್ತೀನಿ. ಮನೆ ಚಾರ್ಜು ನಿಮ್ದು."

ಶಾಂತಮೂರ್ತಿಯವರು ತಿರುಗಿ ಅವಳ ಮುಖ ನೋಡಿದರು. ತಮಾಷೆಯೋ ಏನೋ ಎಂದು ಹುಡುಕಿದರು. "ಪೂರ್ತಿ ಚಾರ್ಜೋ, ಬರೀ ಸಹಿ ಇಲ್ದ ಪ್ರಭಾರವೋ?"

ಮಗಳ ಮದುವೆಗೆ ಹೂಂ ಅನ್ನುವಾಗಲೂ ಅವಳು ಇಷ್ಟು ಯೋಚಿಸಿರಲಿಲ್ಲ. ಬೇಳೆ, ಬೆಲ್ಲ, ದೇವರ ಮನೆಯ ದೀಪ, ಹಿಟ್ಟಿನ ಜರಡಿ, ಗ್ಯಾಸಿನ ತಿರುಪು ಎಲ್ಲವೂ ಒಂದೊಂದಾಗಿ ಕಣ್ಣ ಮುಂದೆ ಬಂದು, ನಮ್ಮನ್ನು ಬಿಟ್ಟು ಹೋಗುತ್ತೀಯಾ ಎಂದು ಕೇಳಿದವು. ಬಸ್ಸು ಕೊಳ್ಳೇಗಾಲದ ಒಳಗೆ ಬಂತು. ಜನ ಇಳಿಯಲು ಎದ್ದು ನಿಂತರು.

"ಪೂರ್ತಿ" ಎಂದಳು. ಎಂದವಳಿಗೆ ತಕ್ಷಣ ಭಯವಾಗಿ ಸೇರಿಸಿದಳು, "ಸಾಯಂಕಾಲ ಐದೂವರೆಗಂಟ."

ಶಾಂತಮೂರ್ತಿಯವರು ಸಮಾಧಾನದಿಂದ ತಲೆಯಾಡಿಸಿ, ಮೇಲಿನ ಕಂಬಿ ಹಿಡಿದು ಎದ್ದು, ಅವಳಿಗೆ ದಾರಿ ಬಿಟ್ಟು ನಿಂತರು.

"ಆಫೀಸ್ ಟೈಮ್ ಆದ್ ಮ್ಯಾಲೆ ನಾನೂ ಯಾವ್ ಕೆಲ್ಸಾನೂ ಮುಟ್ಟಲ್ಲ" ಎಂದರು.